ಓದುಗರ ಪ್ರಶ್ನೆಗೆ ಉತ್ತರ: ಕಲೋನ್‌ನ ಗೇಮ್ ಮೇಳದಲ್ಲಿ ಕಂಡದ್ದು

ಪ್ರಶ್ನೆ: ಜರ್ಮನಿಯ ಕಲೋನ್‌ನಲ್ಲಿ ನಡೆದ ಗೇಮ್ಸ್‌ಕಾಮ್ ಎಂಬ ವಿಡಿಯೊ ಗೇಮ್ ಮೇಳಕ್ಕೆ ಹೋಗಿಬಂದ ಸಂಗತಿಯನ್ನು ತಾವು ಕಳೆದ ಸಂಚಿಕೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಹನ್ನೆರಡನೆಯ ತರಗತಿಯಲ್ಲಿರುವ ನನ್ನ ಮಗ ಗೇಮ್ ತಯಾರಿಕೆಯನ್ನೇ ವೃತ್ತಿಯಾಗಿ ಹಿಡಿಯುತ್ತೇನೆ ಎನ್ನುತ್ತಾನೆ. ಅದು ಸರ್ಕಾರವೇ ನಿಷೇಧಿಸಿರುವ ಜೂಜಿನ ದಾರಿ ಎಂಬುದು ಅವನ ತಂದೆಯವರ ವಾದ. ಇಂಥ ಮೇಳದಲ್ಲಿ ನಿಜವಾಗಿ ಏನು ನಡೆಯುತ್ತದೆ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ನಿಮ್ಮ ಮನೆಯವರ ಆತಂಕದಿಂದಲೇ ಆರಂಭಿಸುತ್ತೇನೆ. ಎರಡು ಬೇರೆ ಬೇರೆ ಉದ್ಯಮಗಳಿಗೆ ‘ಗೇಮಿಂಗ್’ ಎಂಬ ಒಂದೇ ಹೆಸರು ಅಂಟಿಕೊಂಡಿರುವುದರಿಂದ ಈ ಗೊಂದಲ ಅನೇಕ ಮನೆಗಳಲ್ಲಿದೆ. ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಲೋಕಸಭೆ ಅಂಗೀಕರಿಸಿದ್ದು 2025ರ ಆಗಸ್ಟ್ 20ರಂದು. ಗೇಮ್ಸ್‌ಕಾಮ್ ಬಾಗಿಲು ತೆರೆದದ್ದೂ ಅದೇ ದಿನ. ಅಂದು ಅಲ್ಲಿ ಭೇಟಿಯಾದ ನಮ್ಮ ದೇಶದವರೆಲ್ಲ ಮಾತು ಆರಂಭಿಸಿದ್ದು ಆ ಸುದ್ದಿಯಿಂದಲೇ. ಎರಡು ದಿನಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿದ್ದ ಆ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ, ಹಣ ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟಗಳನ್ನು. ಇ-ಸ್ಪೋರ್ಟ್ಸ್ ಎಂಬ ವಿಡಿಯೊ ಗೇಮ್ ಸ್ಪರ್ಧೆಗಳನ್ನೂ ಪಣವಿಲ್ಲದ ಆಟಗಳನ್ನೂ ಅದೇ ಕಾಯ್ದೆ ಪ್ರತ್ಯೇಕವಾಗಿ ಗುರುತಿಸಿ ಪ್ರೋತ್ಸಾಹಿಸುವ ಮಾತನ್ನಾಡುತ್ತದೆ. ಕಥೆ ಕಟ್ಟಿ, ಚಿತ್ರ ಬರೆದು, ಸಂಗೀತ ಕೂಡಿಸಿ ಗೇಮ್ ತಯಾರಿಸುವ ವೃತ್ತಿ ಜೂಜಲ್ಲ ಎಂದು ಅವರಿಗೆ ದಯವಿಟ್ಟು ತಿಳಿಸಿ.

ಇನ್ನು ಮೇಳದ ವಿಷಯ. ಕಲೋನ್‌ನ ಹಳೆಯ ಕೆಥೀಡ್ರಲ್ ಬಳಿಯಿಂದ ರೈನ್ ನದಿಯ ರೈಲು ಸೇತುವೆಯನ್ನು ನಡೆದೇ ದಾಟಿದರೆ ಆಚೆ ದಡದಲ್ಲಿ ವಸ್ತುಪ್ರದರ್ಶನದ ಆವರಣ ಸಿಗುತ್ತದೆ. 2009ರಿಂದ ಗೇಮ್ಸ್‌ಕಾಮ್ ನಡೆಯುತ್ತಿರುವುದು ಅಲ್ಲೇ. ಈ ಬಾರಿ ಐದು ದಿನಗಳಲ್ಲಿ ಸುಮಾರು 3,57,000 ಜನ ಬಂದರು. ಲಾಲ್‌ಬಾಗ್‌ನ ಗಣಪತಿಯ ಸಾಲಿನಲ್ಲಿ ನಿಂತ ಅಭ್ಯಾಸವಿರುವ ಮುಂಬಯಿಯವರಿಗೆ ಅಲ್ಲಿನ ಸಾಲುಗಳು ಹೊಸತೆನಿಸಲಾರವು; ಹೆಸರಾಂತ ಗೇಮೊಂದನ್ನು ಕೆಲವು ನಿಮಿಷ ಆಡುವುದಕ್ಕಾಗಿ ಮಡಿಸುವ ಪುಟ್ಟ ಸ್ಟೂಲು ತಂದು ಗಂಟೆಗಟ್ಟಲೆ ಕಾಯುವವರನ್ನು ಕಂಡೆ. ತಾಯಿಯಾದ ನಿಮಗೆ ಸಮಾಧಾನ ತರಬಹುದಾದ ಒಂದು ವ್ಯವಸ್ಥೆಯೂ ಅಲ್ಲಿದೆ: 12, 16, 18 ಎಂದು ವಯಸ್ಸಿಗೆ ತಕ್ಕ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟುತ್ತಾರೆ, ಮತ್ತು ವಯಸ್ಕರ ಗೇಮುಗಳ ಪರದೆ ಹೊರಗಿನವರಿಗೆ ಕಾಣದಂತೆ ಗೋಡೆ ಕಟ್ಟಿರುತ್ತಾರೆ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆ ದೊಡ್ಡ ಮಂಟಪಗಳಲ್ಲ. ಇಬ್ಬರು ಮೂವರೇ ಸೇರಿ ಗೇಮ್ ಮಾಡುವ ಸ್ವತಂತ್ರ ತಂಡಗಳಿಗೆಂದು ಒಂದು ವಿಭಾಗವಿದೆ. ಅಲ್ಲಿ ಒಂದು ಮೇಜು, ಒಂದು ಪರದೆ, ಕೈಯಲ್ಲಿ ಹಿಡಿದು ಆಡುವ ಒಂದು ಕಂಟ್ರೋಲರ್. ಪಕ್ಕದಲ್ಲಿ ಗೇಮನ್ನು ಮಾಡಿದವರೇ ನಿಂತಿರುತ್ತಾರೆ. ಅಪರಿಚಿತನೊಬ್ಬ ಬಂದು ಕುಳಿತು ಆಡಲು ತೊಡಗಿದಾಗ ಅವರು ಪರದೆಯನ್ನು ನೋಡುವುದಿಲ್ಲ, ಅವನ ಬೆರಳುಗಳನ್ನೂ ಮುಖವನ್ನೂ ನೋಡುತ್ತಾರೆ. ಒಂದು ಮೇಜಿನ ಬಳಿ ನಾನು ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿದ್ದೆ. ಬಂದವರಲ್ಲಿ ಹೆಚ್ಚಿನವರು ಗೇಮಿನೊಳಗಿನ ಅದೇ ಒಂದು ಬಾಗಿಲ ಮುಂದೆ ತಡವರಿಸುತ್ತಿದ್ದರು. ಬಾಗಿಲಿನ ಮೇಲೆ ದಾರಿ ತೋರುವ ಗುರುತು ಆ ಸಭಾಂಗಣದ ಬೆಳಕಿನಲ್ಲಿ ಮಂಕಾಗಿ, ಗೋಡೆಯೊಳಗೇ ಸೇರಿಹೋಗಿತ್ತು. ಆ ಗೇಮನ್ನು ಮಾಡಿದ ಹುಡುಗಿ ಬಾಯಿ ಬಿಡಲಿಲ್ಲ, ಯಾರಿಗೂ ಸುಳಿವು ಕೊಡಲಿಲ್ಲ, ಪ್ರತಿ ಸಲವೂ ಪುಸ್ತಕದಲ್ಲಿ ಒಂದು ಗೀಟು ಎಳೆಯುತ್ತಿದ್ದಳು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಗುರುತು ಹಳದಿಯಾಗಿತ್ತು, ಆಟಗಾರರು ಸಲೀಸಾಗಿ ಒಳಗೆ ಹೋಗುತ್ತಿದ್ದರು. ರಾತ್ರಿ ಹೋಟೆಲಿನಲ್ಲಿ ಕುಳಿತು ತಿದ್ದಿದೆ ಎಂದಳು. ಪುಣೆಯ ಒಂದು ಸ್ಟುಡಿಯೊದಲ್ಲಿ ಹನ್ನೆರಡು ವರ್ಷಗಳಿಂದ ಇದೇ ಕೆಲಸದಲ್ಲಿರುವ ನನಗೆ, ನಮ್ಮ ವೃತ್ತಿಯ ತಿರುಳನ್ನು ಇಷ್ಟು ಸ್ಪಷ್ಟವಾಗಿ ಯಾವ ಭಾಷಣವೂ ತೋರಿಸಿಕೊಟ್ಟಿರಲಿಲ್ಲ. ನಿಮ್ಮ ಮಗನಿಗೆ ಈ ತಾಳ್ಮೆ ಇದೆಯೇ ಎಂದು ಗಮನಿಸಿ. ಅವನು ಎಷ್ಟು ಹೊತ್ತು ಆಡುತ್ತಾನೆ ಎಂಬುದಕ್ಕಿಂತ ಅದು ಮುಖ್ಯ.

ಚಿಕ್ಕ ತಂಡದ ಕೆಲಸ ಚಿಕ್ಕದಾಗಿಯೇ ಉಳಿಯಬೇಕೆಂದಿಲ್ಲ. ಈ ಸಲದ ಮೇಳದಲ್ಲಿ ಜನ ಮುಗಿಬಿದ್ದ ಗೇಮುಗಳಲ್ಲಿ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಒಂದು. ಅದು ಆಸ್ಟ್ರೇಲಿಯದ ಅಡಿಲೇಡ್‌ನ ಬೆರಳೆಣಿಕೆಯ ಜನರ ತಂಡದ ಕೃತಿ. 2019ರಲ್ಲಿ ಘೋಷಣೆಯಾದ ಆ ಗೇಮ್ ಸೆಪ್ಟೆಂಬರ್ 4ರಂದು ಬಿಡುಗಡೆಯಾಗುತ್ತದೆ ಎಂಬ ಸುದ್ದಿ ಮೇಳದ ಎರಡನೆಯ ದಿನ ಬಂದಾಗ, ಆರು ವರ್ಷ ಕಾದಿದ್ದವರ ಸಂತೋಷವನ್ನು ಸುತ್ತಲಿನ ಮುಖಗಳಲ್ಲೇ ಓದಬಹುದಾಗಿತ್ತು.

ಸಾರ್ವಜನಿಕರಿಗೆ ಪ್ರವೇಶವಿಲ್ಲದ ವ್ಯಾಪಾರ ವಿಭಾಗವೂ ಇದೆ. ಯಕ್ಷಗಾನ ನೋಡಿದವರಿಗೆ ಹೀಗೆ ಹೇಳಬಹುದು: ಜನ ಸೇರುವ ಸಭಾಂಗಣ ರಂಗಸ್ಥಳವಾದರೆ ಇದು ಚೌಕಿ. ಗೇಮಿಗೆ ಬಂಡವಾಳ ಹಾಕಿ ಮಾರುಕಟ್ಟೆಗೆ ತರುವ ಪಬ್ಲಿಷರ್‌ಗಳು ಮೊದಲೇ ಗೊತ್ತುಪಡಿಸಿದ ಸಮಯಕ್ಕೆ ಒಂದೊಂದು ತಂಡವನ್ನು ಅಲ್ಲಿ ಭೇಟಿಯಾಗುತ್ತಾರೆ. ಇಂಥ ಆಸರೆಯ ಬೆಲೆ ಪುಣೆಯವರಾದ ನಮಗೆ ಚೆನ್ನಾಗಿ ಗೊತ್ತು. ಇಲ್ಲಿನ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ‘ರಾಜಿ’ ಎಂಬ ಗೇಮಿಗಾಗಿ 2017ರಲ್ಲಿ ಜನರಿಂದ ಹಣ ಸಂಗ್ರಹಿಸಲು ಮಾಡಿದ ಪ್ರಯತ್ನ ಗುರಿ ಮುಟ್ಟಲಿಲ್ಲ. ಮುಂದೆ ಪಬ್ಲಿಷರ್ ಒಬ್ಬರ ಬೆಂಬಲ ದೊರೆತು 2020ರಲ್ಲಿ ಅದು ಹೊರಬಂದು, ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಕೃತಿಗಳ ವಿಭಾಗಕ್ಕೆ ನಾಮನಿರ್ದೇಶನ ಪಡೆಯಿತು.

ಪ್ರಶ್ನೆ: ಲಾಸ್ ಏಂಜಲೀಸ್‌ನ ಇ3 ಮೇಳವೇ ನಿಂತುಹೋಗಿದೆ. ಹೊಸ ಗೇಮುಗಳ ಟ್ರೇಲರ್‌ಗಳು ಮನೆಯಲ್ಲೇ ಮೊಬೈಲಿನಲ್ಲಿ ಸಿಗುತ್ತವೆ. ಹೀಗಿರುವಾಗ ಇಷ್ಟು ಖರ್ಚು ಮಾಡಿ ಮೇಳಕ್ಕೆ ಹೋಗುವ ಅಗತ್ಯವೇನು?
— ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ತಮ್ಮ ಪ್ರಶ್ನೆಯಲ್ಲಿ ನ್ಯಾಯವಿದೆ. 1995ರಲ್ಲಿ ಆರಂಭವಾದ ಇ3, ಕಂಪನಿಗಳು ಪತ್ರಕರ್ತರಿಗೂ ಅಂಗಡಿಯವರಿಗೂ ಹೊಸ ಗೇಮುಗಳನ್ನು ತೋರಿಸುವ ವೇದಿಕೆಯಾಗಿತ್ತು. ಕಂಪನಿಗಳು ತಮ್ಮ ಸುದ್ದಿಯನ್ನು ತಮ್ಮದೇ ವಿಡಿಯೊ ಪ್ರಸಾರದಲ್ಲಿ ನೇರವಾಗಿ ಆಟಗಾರರಿಗೆ ತಲುಪಿಸಲು ಕಲಿತ ಮೇಲೆ ಆ ವೇದಿಕೆಯ ಅಗತ್ಯ ಕುಗ್ಗುತ್ತ ಬಂತು. 2019ರಲ್ಲಿ ಸೋನಿ ಭಾಗವಹಿಸಲಿಲ್ಲ, ಮರುವರ್ಷ ಕೋವಿಡ್ ಬಂತು, 2023ರ ಡಿಸೆಂಬರ್‌ನಲ್ಲಿ ಇ3 ಶಾಶ್ವತವಾಗಿ ಮುಗಿಯಿತೆಂದು ಸಂಘಟಕರೇ ಪ್ರಕಟಿಸಿದರು. ಟ್ರೇಲರ್ ನೋಡುವುದಷ್ಟೇ ಉದ್ದೇಶವಾದರೆ ತಾವು ಮನೆಯಲ್ಲೇ ಇರುವುದು ಒಳ್ಳೆಯದು ಎಂದು ನಾನೂ ಹೇಳುತ್ತೇನೆ. ಆದರೆ ಟ್ರೇಲರ್ ತಯಾರಕರು ತೋರಿಸಬೇಕೆಂದಿರುವುದನ್ನು ಮಾತ್ರ ತೋರಿಸುತ್ತದೆ. ಮೇಲೆ ಹೇಳಿದ ಆ ಬಾಗಿಲಿನ ತೊಡಕು ಯಾವ ಟ್ರೇಲರಿನಲ್ಲೂ ಕಾಣುತ್ತಿರಲಿಲ್ಲ. ಕಂಟ್ರೋಲರ್ ಬೇರೆಯವರ ಕೈಗೆ ಹೋದಾಗಲೇ ಅದು ಬಯಲಾದದ್ದು.

ಪ್ರಶ್ನೆ: ನನ್ನ ಮಗಳು ಚೆನ್ನಾಗಿ ಚಿತ್ರ ಬರೆಯುತ್ತಾಳೆ, ಗೇಮುಗಳಿಗೆ ಚಿತ್ರ ಮಾಡುವ ಆಸೆ ಇಟ್ಟುಕೊಂಡಿದ್ದಾಳೆ. ಅವಳನ್ನು ಕಲೋನ್‌ಗೆ ಕಳುಹಿಸಬೇಕೇ?
— ಒಬ್ಬ ತಂದೆ, ವಾಸ್ಕೊ, ಗೋವಾ

ಉತ್ತರ: ಈಗಲೇ ಬೇಡ. ವಿಮಾನದ ಟಿಕೇಟಿಗೆ ಹಾಕುವ ಹಣದಲ್ಲಿ ಒಳ್ಳೆಯ ಕಂಪ್ಯೂಟರನ್ನು ಕೊಡಿಸಿ. ಮೇಳ ನೋಡಲೇಬೇಕೆಂದರೆ ದೇಶದೊಳಗೇ ಅವಕಾಶಗಳಿವೆ: 2025ರ ಮೇ 1ರಿಂದ 4ರವರೆಗೆ ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ನಡೆದ ವೇವ್ಸ್ ಎಂಬ ಮನರಂಜನಾ ಉದ್ಯಮದ ಸಮ್ಮೇಳನದಲ್ಲಿ ಗೇಮುಗಳಿಗೂ ಜಾಗವಿತ್ತು, ಹಲವು ವರ್ಷ ಹೈದರಾಬಾದಿನಲ್ಲಿ ನಡೆದ ಇಂಡಿಯಾ ಗೇಮ್ ಡೆವಲಪರ್ ಕಾನ್ಫರೆನ್ಸ್ ಗೇಮ್ ಮಾಡುವವರಿಗೆಂದೇ ಇರುವ ಸಭೆ. ಅಲ್ಲಿಗೆ ಹೋಗುವಾಗ ದೇವರ, ವೀರರ ಚಿತ್ರಗಳ ಜೊತೆಗೆ ಸಾಮಾನ್ಯ ವಸ್ತುಗಳ ಚಿತ್ರಗಳನ್ನೂ ಒಯ್ಯುವಂತೆ ಮಗಳಿಗೆ ಹೇಳಿ. ಅವಳು ಬರೆದ ವಸ್ತುವನ್ನು ಇನ್ನೊಬ್ಬರು ಕಂಪ್ಯೂಟರಿನಲ್ಲಿ ಮೂರು ಆಯಾಮಗಳಲ್ಲಿ ಕಟ್ಟಬೇಕಾಗುವುದರಿಂದ, ಒಂದೇ ವಸ್ತುವನ್ನು ಎದುರಿನಿಂದ, ಬದಿಯಿಂದ, ಹಿಂದಿನಿಂದ ಅಳತೆ ತಪ್ಪದೆ ಬರೆಯಬಲ್ಲಳೇ ಎಂಬುದನ್ನು ಸ್ಟುಡಿಯೊದವರು ಮೊದಲು ನೋಡುತ್ತಾರೆ. ನಿಮ್ಮ ಊರಿನ ಬಂದರಿನಲ್ಲಿ ನಿಂತಿರುವ ಒಂದು ಕ್ರೇನಿನಿಂದ ಅವಳು ಈ ವಾರವೇ ಆರಂಭಿಸಬಹುದು.