ಏಟು ನ್ಯೂಯಾರ್ಕಿಗೆ, ಕಣ್ಣು ರಿಯಾದ್, ಕೈರೋ ಮೇಲೆ

ಪ್ರಶ್ನೆ: ಅಲ್ ಖೈದಾ, ಐಸಿಸ್ ಪಾಶ್ಚಾತ್ಯರ ಮೇಲೆ ದಾಳಿ ಮಾಡುವುದು ಅಲ್ಲಿನ ಸ್ವಾತಂತ್ರ್ಯ ಕಂಡರಾಗದ್ದಕ್ಕೆ ಅಂತ ಕೆಲವರು, ಅಮೆರಿಕದ ವಿದೇಶಾಂಗ ನೀತಿಯ ಮೇಲಿನ ಸೇಡಿಗೆ ಅಂತ ಇನ್ನು ಕೆಲವರು ಹೇಳುತ್ತಾರೆ. ಯಾವುದು ನಿಜ?

ಉತ್ತರ: ಸಿಟ್ಟು ಬೇರೆ, ಗುರಿ ಬೇರೆ. ಮೊದಲು ಸಿಟ್ಟನ್ನು ನೋಡೋಣ. ಅಲ್ ಖೈದಾದ ಒಸಾಮಾ ಬಿನ್ ಲಾಡೆನ್, ಈಜಿಪ್ಟಿನ ಉಗ್ರ ನಾಯಕ ಅಯ್ಮನ್ ಅಲ್ ಜವಾಹಿರಿ ಮತ್ತಿತರರು ಸಹಿ ಹಾಕಿದ 1998ರ ಫೆಬ್ರುವರಿ 23ರ ಹೇಳಿಕೆಯಲ್ಲಿ ಮೂರು ದೂರುಗಳಿವೆ: ಕುವೈತ್ ಬಿಕ್ಕಟ್ಟಿನಲ್ಲಿ ಬಂದ ಅಮೆರಿಕದ ಸೇನೆ ಸೌದಿ ನೆಲದಲ್ಲೇ ಬೀಡುಬಿಟ್ಟಿದ್ದು, ಇರಾಕ್ ಮೇಲಿನ ದಿಗ್ಬಂಧನ, ಇಸ್ರೇಲ್‌ಗೆ ಬೆಂಬಲ. ಅಲ್ಲಿಂದ ಒಂದೇ ನೆಗೆತಕ್ಕೆ, ಸೈನಿಕ ನಾಗರಿಕ ಎನ್ನದೆ ಅಮೆರಿಕನ್ನರನ್ನು ಕೊಲ್ಲುವುದು ಪ್ರತಿ ಮುಸ್ಲಿಮನ ಕರ್ತವ್ಯ ಎನ್ನುತ್ತಾರೆ. ಆ ದೂರುಗಳಿಗೆ ತಲೆದೂಗುವವರು ಅರಬ್ ನಾಡಿನಲ್ಲಿ ಬೇಕಾದಷ್ಟಿದ್ದರು. ತೀರ್ಮಾನ ಒಪ್ಪಿದವರು ತೀರಾ ಕಡಿಮೆ. ಬಿನ್ ಲಾಡೆನ್ ಕಟ್ಟಡ ಕಂಟ್ರಾಕ್ಟರನ ಮಗ, ಜವಾಹಿರಿ ಸರ್ಜನ್. ಫತ್ವಾ ಕೊಡುವಷ್ಟು ಶಾಸ್ತ್ರಾಭ್ಯಾಸ ಇಬ್ಬರಿಗೂ ಇರಲಿಲ್ಲ.

ಇನ್ನು ಗುರಿ. ಅದು ಅರ್ಥವಾಗಬೇಕಾದರೆ ಜವಾಹಿರಿಯ ಈಜಿಪ್ಟಿಗೆ ಹೋಗಬೇಕು. ಅಲ್ಲಿನ ಉಗ್ರರು 1981ರ ಅಕ್ಟೋಬರ್ 6ರಂದು ಅಧ್ಯಕ್ಷ ಸಾದತ್‌ರನ್ನು ಕೊಂದರು. ಪ್ರಭುತ್ವ ಉರುಳಲಿಲ್ಲ, ಮುಬಾರಕ್ ಬಂದು ಕೂತರು. 1997ರ ನವೆಂಬರ್‌ನಲ್ಲಿ ಲಕ್ಸರ್‌ನಲ್ಲಿ 58 ವಿದೇಶಿ ಪ್ರವಾಸಿಗರನ್ನು ಕೊಂದಾಗ ಈಜಿಪ್ಟಿನ ಜನರೇ ತಿರುಗಿಬಿದ್ದರು. ಉಗ್ರರದೇ ಮಾತಿನಲ್ಲಿ ಸ್ವದೇಶದ ಸರ್ಕಾರ ‘ಹತ್ತಿರದ ಶತ್ರು’, ಅಮೆರಿಕ ‘ದೂರದ ಶತ್ರು’. ಹತ್ತಿರದ್ದು ಬೀಳದಿರುವುದು ದೂರದ್ದು ಊರುಗೋಲು ಕೊಟ್ಟಿರುವುದರಿಂದ, ಆದ್ದರಿಂದ ಊರುಗೋಲಿಗೇ ಹೊಡೆಯಬೇಕು ಎಂಬುದು ಬಿನ್ ಲಾಡೆನ್ ಲೆಕ್ಕ. ಅಮೆರಿಕ ಕಾಲು ಕೀಳಬೇಕು, ಅರಸರೂ ಅಧ್ಯಕ್ಷರೂ ಉರುಳಬೇಕು, ಕೊನೆಗೆ ಖಿಲಾಫತ್, ಅಂದರೆ ಮುಸ್ಲಿಮರೆಲ್ಲರಿಗೂ ಒಬ್ಬನೇ ಖಲೀಫನ ಆಳ್ವಿಕೆ, ಬರಬೇಕು.

ಕಾಲು ಕೀಳುತ್ತದೆಂಬ ನಂಬಿಕೆಗೂ ಆಧಾರವಿತ್ತು. 1983ರಲ್ಲಿ ಬೈರೂತ್‌ನಲ್ಲಿ 241 ಅಮೆರಿಕನ್ ಯೋಧರು ಸತ್ತರು. ಕೆಲವೇ ತಿಂಗಳಲ್ಲಿ ಪಡೆ ವಾಪಸಾಯಿತು. 1993ರಲ್ಲಿ ಮೊಗಾದಿಶುವಿನಲ್ಲಿ 18 ಮಂದಿ ಸತ್ತರು. ಮುಂದಿನ ವರ್ಷ ವಾಪಸು. ತನ್ನ 1996ರ ಯುದ್ಧಘೋಷಣೆಯಲ್ಲಿ ಬಿನ್ ಲಾಡೆನ್ ಎರಡನ್ನೂ ಎತ್ತಿ ಆಡುತ್ತಾನೆ. 2001ರಲ್ಲಿ ಇದೇ ಲೆಕ್ಕ ತಲೆಕೆಳಗಾಯಿತು. ಸುಮಾರು 3,000 ಜನ ಸತ್ತ ಮೇಲೆ ಅಮೆರಿಕ ಹೋಗುವ ಬದಲು ಸೇನೆ ಸಮೇತ ಬಂತು. ಅಮೆರಿಕವನ್ನು ದಿವಾಳಿಯಾಗುವ ತನಕ ರಕ್ತ ಸೋರಿಸುವುದೇ ತಮ್ಮ ನೀತಿ ಎಂದು 2004ರಲ್ಲಿ ಅವನು ಹೇಳಿದ್ದು, ನಮ್ಮ ದೃಷ್ಟಿಯಲ್ಲಿ, ಜಾರಿ ಬಿದ್ದವನು ಇಲ್ಲೇ ಕೂರಬೇಕೆಂದಿದ್ದೆ ಅಂದ ಹಾಗೆ.

ಐಸಿಸ್‌ನದು ಬೇರೆ ದಾರಿ. ಅವರು ಮೊದಲು ನೆಲ ಹಿಡಿದರು, 2014ರ ಜೂನ್‌ನಲ್ಲಿ ಖಿಲಾಫತ್ ಸಾರಿದರು. ಅಮೆರಿಕದ ವೈಮಾನಿಕ ದಾಳಿ ಶುರುವಾದ ಮೇಲೆ, ಪಾಶ್ಚಾತ್ಯರನ್ನು ಸಿಕ್ಕಲ್ಲಿ ಕೊಲ್ಲಿ ಎಂದು ಸೆಪ್ಟೆಂಬರ್‌ನಲ್ಲಿ ಕರೆಕೊಟ್ಟರು. ಅವರ ‘ದಾಬಿಕ್’ ಪತ್ರಿಕೆ 2016ರ ಜುಲೈನಲ್ಲಿ, ನೀವು ಇಸ್ಲಾಮನ್ನು ನಂಬದವರು ಎಂಬುದೇ ದ್ವೇಷಕ್ಕೆ ಮೊದಲ ಕಾರಣ, ಬಾಂಬು ನಿಲ್ಲಿಸಿದರೂ ದ್ವೇಷ ನಿಲ್ಲದು ಎಂದು ಬರೆಯಿತು. ಹಾಗಾಗಿ ನಿಮ್ಮ ಎರಡೂ ಗುಂಪಿಗೆ ದಾಖಲೆ ಸಿಗುತ್ತದೆ. ಓದುವಾಗ ತಾರೀಕು ಯಾವುದು, ಮಾತು ಯಾರನ್ನು ಉದ್ದೇಶಿಸಿದ್ದು ಎಂದು ನೋಡಿ: ಹೊಸಬರನ್ನು ಸೆಳೆಯುವಾಗ ಪ್ಯಾಲೆಸ್ಟೀನ್ ಮುಂದೆ ಬರುತ್ತದೆ, ಪ್ರತಿಸ್ಪರ್ಧಿಗಳಿಗಿಂತ ನಾವೇ ಶುದ್ಧರೆಂದು ತೋರಿಸುವಾಗ ಧರ್ಮಶಾಸ್ತ್ರ.

ಪ್ರಶ್ನೆ: ಬಡತನ, ಅನಕ್ಷರತೆ ಕಾರಣವಲ್ಲವೇ?

ಉತ್ತರ: ಪಾಶ್ಚಾತ್ಯ ನೆಲದ ದಾಳಿಗಳಿಗೆ ಆ ವಿವರಣೆ ಸಾಲದು. 2007ರ ಜೂನ್ 30ರಂದು ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ ಕಫೀಲ್ ಅಹ್ಮದ್ ಬೆಂಗಳೂರಿನ ಎಂಜಿನಿಯರ್, ಅಪ್ಪ ಅಮ್ಮ ಡಾಕ್ಟರುಗಳು. ಜೊತೆಗಿದ್ದವನೂ ಡಾಕ್ಟರ್.

ಆ ದಾಳಿಯ ಬೆನ್ನಿಗೇ ಅಮಾಯಕರ ಮೇಲೆ ಶಂಕೆ ಹೇಗೆ ಬಿತ್ತು ಎಂಬುದನ್ನೂ ನೋಡಬೇಕು, ಏಕೆಂದರೆ ಉಗ್ರರಿಗೆ ಬೇಕಾದದ್ದೂ ಆ ಶಂಕೆಯೇ. ಮುಸ್ಲಿಮರು ಪಾಶ್ಚಾತ್ಯ ಸಮಾಜದಲ್ಲಿ ನೆಮ್ಮದಿಯಾಗಿ ಬಾಳುವ ‘ಬೂದು ವಲಯ’ವನ್ನು ಅಳಿಸಬೇಕು, ಅಕ್ಕಪಕ್ಕದವರು ಶಂಕಿಸಿದರೆ ಅವರು ತಾವಾಗಿಯೇ ನಮ್ಮ ಕಡೆ ಬರುತ್ತಾರೆ ಎಂದು ಐಸಿಸ್ 2015ರಲ್ಲಿ ಬಿಚ್ಚಿ ಬರೆಯಿತು. ಗ್ಲಾಸ್ಗೋ ದಾಳಿಯಾದ ಎರಡು ದಿನಕ್ಕೆ ಆಸ್ಟ್ರೇಲಿಯಾದಲ್ಲಿ, ಕಫೀಲ್‌ನ ಸಂಬಂಧಿಯಾದ ಕರ್ನಾಟಕದ ವೈದ್ಯರೊಬ್ಬರನ್ನು ಬಂಧಿಸಿದರು. ಅವರು ಮಾಡಿದ್ದು, ಹಿಂದಿನ ವರ್ಷ ಬ್ರಿಟನ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲ್‌ನ ತಮ್ಮನಿಗೆ ಕೊಟ್ಟದ್ದು. ಆ ಸಿಮ್ ಜೀಪಿನಲ್ಲೇ ಸಿಕ್ಕಿತೆಂದು ಕೋರ್ಟಿಗೆ ಹೇಳಲಾಯಿತು. ನಿಜಕ್ಕೂ ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ. ನಾಲ್ಕೇ ವಾರದಲ್ಲಿ ಆರೋಪ ಕೈಬಿಟ್ಟರು. ಕ್ಷಮೆ ಮತ್ತು ಪರಿಹಾರ ಸಿಕ್ಕಿದ್ದು 2010ರ ಡಿಸೆಂಬರ್‌ನಲ್ಲಿ.