ಎಕೋ (ಹಾರ್ಟಿನ ಸ್ಕ್ಯಾನ್) ರಿಪೋರ್ಟಿನ್ಯಾಗ ಪಲ್ಮನರಿ ವಾಲ್ವ್ ಲೀಕ್ ಅಂತ ಬರದಾರ, ಅಂಜಬೇಕೇನ್ರಿ?

‘ಮೈಲ್ಡ್’ ಅಂತಿದ್ರ ಅಂಜಬ್ಯಾಡ್ರಿ, ಅಷ್ಟು ಲೀಕ್ ಆರಾಮ್ ಇದ್ದವರಿಗೂ ಇರ್ತದ. ಲೀಕ್ ಅಂದ್ರ ಈ ವಾಲ್ವ್ ಪೂರಾ ಮುಚ್ಚಲ್ದೆ ಲಂಗ್ಸಿಗೆ ಹೋಗೋ ರಕ್ತ ಹಾರ್ಟಿನ ಬಲಗಡಿಗೆ ಹೊಳ್ಳಿ ಬರ್ತದ. ಲಂಗ್ಸಿನ ರಕ್ತನಾಳದಾಗ ಬಿಪಿ ಏರಿದ್ರ, ವಾಲ್ವಿಗೆ ಇನ್ಫೆಕ್ಷನ್ ಆದ್ರ, ಇಲ್ಲಾ ಸಣ್ಣವರಿದ್ದಾಗ ಫ್ಯಾಲೋ (ಹುಟ್ಟಿನಿಂದ ಬರೋ ಹಾರ್ಟಿನ ದೋಷ) ಆಪರೇಷನ್ ಆಗಿದ್ರ ಲೀಕ್ ಜಾಸ್ತಿ ಇರ್ತದ.

ನಮ್ಮ ಅಕ್ಕನ ಮಗಳಿಗೆ ಹಂಗೇ ಆಗಿತ್ರಿ, ಎದಿ ಮ್ಯಾಲ ಹಳೇ ಹೊಲಿಗಿ ಗುರ್ತು, 20 ವರ್ಷ ಆರಾಮಿದ್ದಾಕಿ ಶರಣಬಸವೇಶ್ವರ ಜಾತ್ರ್ಯಾಗ ನಡಕೋತ ಹೊಂಟಾಗ ಉಸಿರು ಸಾಲದೆ ಕುಂತೇ ಬಿಟ್ಳು. ಎಕೋದಾಗ ಲೀಕ್ ಕಾಣ್ತು, ಬಲಗಡಿ ಎಷ್ಟು ಹಿಗ್ಗ್ಯದ ಅಂತ ಎಂಆರ್‌ಐದಾಗ ಅಳತಿ ಸಿಕ್ತು.

ಲಂಗ್ಸಿನ ಬಿಪಿ ಇದ್ರ ಮೊದಲು ಅದಕ್ಕ ಔಷಧಿ. ಲೀಕ್ ಭಾಳಿದ್ದು ಹಾರ್ಟ್ ಹಿಗ್ಗಿದ್ರ ವಾಲ್ವ್ ಬದಲಿ ಮಾಡ್ತಾರ, ಈಗ ಕೆಲವರಿಗೆ ಎದಿ ಕೊಯ್ಯಲಾರದೇ ತೊಡಿ ರಕ್ತನಾಳದಿಂದನೇ ಹಾಕ್ತಾರ. ಹಳೇ ಆಪರೇಷನ್ ಆದವರು ಮಾತ್ರ ಚೆಕಪ್ ಬಿಡಬ್ಯಾಡ್ರಿ, ಕಲಬುರಗಿದಾಗೇ ಜಯದೇವ ಹಾರ್ಟ್ ಆಸ್ಪತ್ರಿ ಅದ.