ಕೊನೆಯ ಗಾಡಿಯವಳನ್ನು ಕೇಳಿ

ಸಮುದ್ರದ ದಂಡೆಯ ಆಫ್-ರೋಡ್ ಟೂರ್ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆ. ಕೇಳಿದ್ದೀರಿ, ಬೈದೂ ಇದ್ದೀರಿ. ಹೊಸಬರಿಗೆ ಒಂದು ಮಾತು: ಒಂಬತ್ತು ವರ್ಷ ಇಂಥ ಟೂರ್‌ಗಳಲ್ಲಿ ನಾನು ಓಡಿಸಿದ್ದು ಸಾಲಿನ ಕೊನೆಯ ಗಾಡಿ. ಮೊದಲ ಗಾಡಿಯ ಗೈಡ್‌ಗೆ ಸಮುದ್ರ ಕಾಣುತ್ತದೆ. ಕೊನೆಯವಳಿಗೆ ಎಲ್ಲರ ಧೂಳು, ಎಲ್ಲರ ತಪ್ಪು ಕಾಣುತ್ತದೆ. ಉತ್ತರಗಳೆಲ್ಲ ಅಲ್ಲಿಂದಲೇ.

ಪ್ರಶ್ನೆ: ಮೂರು ಕಂಪನಿಗಳನ್ನು ನೋಡಿಟ್ಟಿದ್ದೇವೆ. ಮೂವರ ಫೋಟೋಗಳೂ ಒಂದೇ ಥರ. ಯಾರು ಒಳ್ಳೆಯವರು ಅಂತ ಫೋನಿನಲ್ಲೇ ತಿಳಿಯುವುದು ಹೇಗೆ?

ಒಂದೇ ಪ್ರಶ್ನೆ ಕೇಳಿ. "ಮಂಗಳವಾರ ಬಂದರೆ ಎಷ್ಟು ಗಂಟೆಗೆ ಹೊರಡ್ತೀವಿ? ಶನಿವಾರ ಬಂದರೆ?" ದಾರಿ ಮರಳಿನ ದಂಡೆಯ ಮೇಲಿದ್ದೂ ಎರಡಕ್ಕೂ "ಒಂಬತ್ತಕ್ಕೇ" ಅಂದರೆ ಯೋಚನೆ ಮಾಡಿ. ಹೆಚ್ಚಿನ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತಿನ ಇಳಿತ ನಾಳೆ ಸುಮಾರು 50 ನಿಮಿಷ ತಡ. ಮಂಗಳವಾರದಿಂದ ಶನಿವಾರಕ್ಕೆ ಮೂರು ಗಂಟೆಗೂ ಜಾಸ್ತಿ ವ್ಯತ್ಯಾಸ. ದಂಡೆಯಲ್ಲಿ ಓಡಿಸುವವರ ಗಡಿಯಾರ ಗೋಡೆ ಮೇಲಿರುವುದಿಲ್ಲ.

ನೀರು ಪೂರ್ತಿ ಇಳಿದ ಹೊತ್ತಿಗೆ ಎರಡು ಗಂಟೆ ಮುಂಚೆ, ಎರಡು ಗಂಟೆ ಆಮೇಲೆ, ಅಷ್ಟೇ ನಮ್ಮ ಸಮಯ. ಯಾಕೆ ಎರಡೇ? ನೀರು ಏರುವುದು ಒಂದೇ ವೇಗದಲ್ಲಲ್ಲ. ತಿರುಗಿದ ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡನೇ ಒಂದು ಪಾಲು ಬರುತ್ತದೆ. ಎರಡನೇ ಗಂಟೆಗೆ ಎರಡು ಪಾಲು. ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು ಪಾಲು. ಇದು ದೋಣಿಯವರ ಅಂದಾಜಿನ ಲೆಕ್ಕ. ಆದರೂ ಮೂರನೇ ಗಂಟೆ ಅಂದರೆ ನನಗೆ ಈಗಲೂ ಹೊಟ್ಟೆಯೊಳಗೆ ಒಂಥರಾ. ಕಾರಣ ಮುಂದೆ ಬರೆದಿದ್ದೇನೆ.

ಎಲ್ಲ ಕಡೆಯೂ ಒಂದೇ ಅಲ್ಲ, ನಿಜ. ಹೆಚ್ಚಿನ ಕೆರಿಬಿಯನ್ ದ್ವೀಪಗಳಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಮೊಣಕಾಲಿನಷ್ಟೂ ಇರುವುದಿಲ್ಲ. ಅದೇ ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಬ್ರೂಮ್‌ನಲ್ಲಿ ದೊಡ್ಡ ಉಬ್ಬರದ ದಿನ ಸುಮಾರು 10 ಮೀಟರ್, ಮೂರು ಅಂತಸ್ತಿನ ಮನೆಯಷ್ಟು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಹೆಚ್ಚಿನ ಕಡೆ ಈ ವ್ಯತ್ಯಾಸ ಜಾಸ್ತಿ. ನೀವು ಹೋಗುವ ದಂಡೆ ಯಾವ ಥರದ್ದು ಅಂತ ಫೋನ್ ಎತ್ತಿದವರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಗೊತ್ತಿರುವವರಿಗೆ ಫೋನ್ ಕೊಡಬೇಕು.

ಪ್ರಶ್ನೆ: ಹೊರಡುವ ಮುಂಚೆ ಗೈಡ್ ನಾಲ್ಕೂ ಟೈರಿನ ಗಾಳಿ ಬಿಡುತ್ತಿದ್ದ. ಕೇಳಿದರೆ ಸುಮ್ನೆ ನಕ್ಕ. ಹಳೇ ಟೈರ್ ಕೊಟ್ಟು ಮುಚ್ಚಿಡ್ತಿದ್ದನಾ?

ಇಲ್ಲ, ನಿಮಗೆ ಸಿಕ್ಕಿದ್ದು ಒಳ್ಳೆ ಗೈಡ್. ನಗುವ ಬದಲು ಹೇಳಬಹುದಿತ್ತು, ಅಷ್ಟೇ.

ರಸ್ತೆಯಲ್ಲಿ ಜೀಪಿನ ಟೈರಿಗೆ 30ರಿಂದ 35 ಪಿಎಸ್‌ಐ ಗಾಳಿ ಇರುತ್ತದೆ. ಮರಳಿಗೆ ಅದನ್ನು 20ರ ಆಸುಪಾಸಿಗೆ, ತೀರಾ ಮೆತ್ತಗಿದ್ದರೆ 15ಕ್ಕೆ ಇಳಿಸುತ್ತೇವೆ. ಆಗ ಟೈರ್ ನೆಲಕ್ಕೆ ಒರಗುವ ಜಾಗ ಉದ್ದವಾಗುತ್ತದೆ. ಭಾರ ಹಂಚಿಹೋಗಿ ಚಕ್ರ ಮರಳನ್ನು ಕೊರೆಯುವುದಿಲ್ಲ, ಮೇಲೆ ತೇಲುತ್ತದೆ. ಆಮೇಲೆ ಮಾತ್ರ ಚಾಲಕ ಹುಷಾರಾಗಿರಬೇಕು. ವೇಗದಲ್ಲಿ ಗಕ್ಕನೆ ತಿರುಗಿಸಿದರೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ವಾಪಸ್ ಟಾರು ರಸ್ತೆಗೆ ಬಂದಾಗ ಗಾಳಿ ತುಂಬಿಸಿದನಾ? ಅದನ್ನು ನೀವು ಬರೆದಿಲ್ಲ. ತುಂಬಿಸದಿದ್ದರೆ ನನ್ನ ಹೊಗಳಿಕೆ ಅರ್ಧ ವಾಪಸ್.

ಪ್ರಶ್ನೆ: ನಾನು, 12 ವರ್ಷದ ಮಗ, ಬೆನ್ನು ನೋವಿರುವ ಅಮ್ಮ. ನಾಲ್ಕು ಚಕ್ರದ ಕ್ವಾಡ್ ಬೈಕ್ ತಗೊಳ್ಳೋದಾ, ಬಗ್ಗಿ ಥರದ್ದಾ? ಕ್ವಾಡ್‌ನ ಸೀಟು ಉದ್ದ ಇದೆ, ಮಗನನ್ನು ಹಿಂದೆ ಕೂರಿಸಬಹುದು ಅಂದುಕೊಂಡಿದ್ದೆ.

ಆ ಸೀಟು ಉದ್ದ ಇರುವುದು ಇನ್ನೊಬ್ಬರಿಗೆ ಅಲ್ಲ. ಇಳಿಜಾರಿನಲ್ಲಿ ಹಿಂದಕ್ಕೆ, ಏರಿನಲ್ಲಿ ಮುಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ ನೀವೇ ಸರಿಯಲಿಕ್ಕೆ. ಕ್ವಾಡ್ ನಿಲ್ಲುವುದೇ ಸವಾರನ ಮೈಭಾರದ ಆಟದಿಂದ. ಹಿಂದೆ ಮಗ ಗಟ್ಟಿಯಾಗಿ ತಬ್ಬಿಕೊಂಡು ಕೂತರೆ ನಿಮ್ಮ ಆಟವೇ ನಿಂತುಹೋಯಿತು. ಮಗುಚಿದರೆ ಮುನ್ನೂರು ಕಿಲೋ ಯಂತ್ರ ಮೈಮೇಲೆ. ಮೊದಲು ಮೂರು ಚಕ್ರದ್ದೂ ಬರುತ್ತಿತ್ತು. ಅದು ಎಷ್ಟು ಜನರನ್ನು ಕೆಡವಿತೆಂದರೆ 1988ರಲ್ಲಿ ಅಮೆರಿಕದಲ್ಲಿ ಹೊಸದರ ಮಾರಾಟವೇ ನಿಂತಿತು. ಮಗನೇ ಓಡಿಸಲಿ ಅಂತಲೂ ಯೋಚಿಸಬೇಡಿ. 16 ತುಂಬದವರು ಇದನ್ನು ಓಡಿಸಲೇಬಾರದು ಅಂತ ಅಲ್ಲಿನ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ.

ನೀವು ಹೇಳಿದ ಬಗ್ಗಿ ಥರದ್ದು, ಅಂದರೆ ಅಕ್ಕಪಕ್ಕ ಕೂರುವ ಸೈಡ್-ಬೈ-ಸೈಡ್ ತಗೊಳ್ಳಿ. ಅದಕ್ಕೆ ಸ್ಟೀರಿಂಗ್, ಬೆಲ್ಟು, ತಲೆ ಮೇಲೆ ಕಬ್ಬಿಣದ ಪಂಜರ ಎಲ್ಲ ಇರುತ್ತದೆ. ಮಗ ಬೆನ್ನು ಸೀಟಿಗೆ ತಾಗಿಸಿ ಕೂತಾಗ ಪಾದ ನೆಲ ಮುಟ್ಟಬೇಕು. ಮುಟ್ಟದಿದ್ದರೆ ಅವನಿಗೆ ಅದೂ ಬೇಡ. ಎರಡು ಸಣ್ಣ ವಿಷಯ ಹೇಳುತ್ತೇನೆ, ಯಾರೂ ಹೇಳುವುದಿಲ್ಲ. ಸ್ಟೀರಿಂಗ್ ಹಿಡಿದಾಗ ಹೆಬ್ಬೆರಳು ಒಳಗೆ ಸಿಕ್ಕಿಸಬೇಡಿ, ಅಂಚಿನ ಮೇಲೇ ಇರಲಿ. ಚಕ್ರ ಕಲ್ಲಿಗೆ ಬಡಿದಾಗ ಸ್ಟೀರಿಂಗ್ ತಿರುಚಿ ಹೆಬ್ಬೆರಳು ಮುರಿಯುತ್ತದೆ. ಇನ್ನೊಂದು, ಗಾಡಿ ವಾಲಿದಾಗ ಕೈ ಹೊರಗೆ ಚಾಚಬೇಡಿ. ಎಲ್ಲರೂ ಚಾಚುತ್ತಾರೆ. ಅದು ಬುದ್ಧಿ ಅಲ್ಲ, ಮೈಯ ಅಭ್ಯಾಸ. ಹೊರಡುವ ಮುಂಚೆ ಮಗನಿಗೆ ನಾಲ್ಕು ಸಲ ಹೇಳಿಸಿ.

ಅಮ್ಮನನ್ನು ಯಾವುದರಲ್ಲೂ ಕೂರಿಸಬೇಡಿ. ದೊಡ್ಡ ಜೀಪಿನಲ್ಲಿ, ಮುಂದಿನ ಸೀಟಿನಲ್ಲಿ, ನಿಧಾನವಾಗಿ ಹೋಗುವ ಟೂರ್ ಇದ್ದರೆ ಅವರ ಡಾಕ್ಟರನ್ನು ಕೇಳಿ ಹೋಗಲಿ.

ಪ್ರಶ್ನೆ: ನಾವೇ ಓಡಿಸುವ ಟೂರ್. ಮರಳಲ್ಲಿ ಸಿಕ್ಕಿಹಾಕಿಕೊಂಡರೆ ಮೊದಲು ಏನು ಮಾಡಬೇಕು?

ಆಕ್ಸಲರೇಟರಿನಿಂದ ಕಾಲು ತೆಗೆಯಬೇಕು. ಗೊತ್ತಿದ್ದೂ ನಾನು ತೆಗೆಯಲಿಲ್ಲ. ಆ ಕತೆ ಕೇಳಿ.

ಅದು ನನ್ನ ಮೂರನೇ ವರ್ಷ. ನೀರು ತಿರುಗಿ ಒಂದೂವರೆ ಗಂಟೆಯಾಗಿತ್ತು. ಸಾಲು ದಂಡೆಯ ನಡುವಿನ ಗಟ್ಟಿ ಪಟ್ಟಿಯಲ್ಲಿ ಹೋಗುತ್ತಿತ್ತು. ಒಣ ಮರಳು ಜಾರುತ್ತದೆ, ನೀರು ಕುಡಿದು ತುಂಬಿದ ಮರಳು ಕುಸಿಯುತ್ತದೆ. ಎರಡರ ನಡುವೆ, ಸ್ವಲ್ಪವೇ ತೇವ ಇರುವ ಕಡೆ, ಕಣಗಳ ಮಧ್ಯೆ ಇರುವ ಚೂರು ನೀರೇ ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಗೈಡ್‌ನ ಚಕ್ರದ ಗುರುತಿನಲ್ಲೇ ಬನ್ನಿ ಅಂತ ನಾವು ಬಾಯಿ ಬಡಿದುಕೊಳ್ಳುವುದು ಇದಕ್ಕೇ. ನನ್ನ ಮುಂದಿದ್ದ ಅತಿಥಿ ಗುರುತು ಬಿಟ್ಟ. ಫೋಟೋಗೆ ಅಂತ ಗಾಡಿಯನ್ನು ಅಲೆಯ ಅಂಚಿಗೆ ಒಯ್ದು ನಿಲ್ಲಿಸಿ ಇಳಿದ. ಅಲೆ ಬಂದು ಹೋದಾಗ ನಿಮ್ಮ ಹಿಮ್ಮಡಿಯ ಕೆಳಗಿನ ಮರಳು ಜಾರುತ್ತದಲ್ಲ, ಟೈರಿಗೂ ಹಾಗೇ ಆಗುತ್ತದೆ. ನಾಲ್ಕೈದು ಅಲೆ ಕಳೆಯುವಷ್ಟರಲ್ಲಿ ಚಕ್ರ ಅರ್ಧ ಒಳಗೆ.

ನಾನು ಗಾಬರಿಯಲ್ಲಿ ಅವನ ಹತ್ತಿರ ಇಳಿಸಿ ಬ್ರೇಕ್ ಒತ್ತಿದೆ. ಮೊದಲ ತಪ್ಪು ಅದು. ಮರಳಲ್ಲಿ ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರದ ಮುಂದೆ ಮರಳು ಗುಡ್ಡೆ ಕಟ್ಟುತ್ತದೆ. ಕಾಲು ಬಿಟ್ಟು ತಾನಾಗಿ ನಿಲ್ಲಲು ಬಿಡಬೇಕು. ಆಮೇಲೆ ಹೊರಡಲು ಎರಡು ಸಲ ಜೋರಾಗಿ ಒತ್ತಿದೆ. ಗಾಡಿ ಮುಂದೆ ಹೋಗಲಿಲ್ಲ, ಕೆಳಗೆ ಹೋಯಿತು. ಹೊಟ್ಟೆ ಮರಳಿಗೆ ಕೂತಿತು. ಈಗ ಎರಡು ಗಾಡಿ ನೀರಿನ ಪಕ್ಕದಲ್ಲಿ, ಮೂರನೇ ಗಂಟೆ ಶುರುವಾಗಲಿಕ್ಕೆ ಇಪ್ಪತ್ತು ನಿಮಿಷ. ಅತಿಥಿಯ ಒಂದು ಚಪ್ಪಲಿ ಆಗಲೇ ತೇಲಿ ಹೋಗುತ್ತಿತ್ತು.

ನನ್ನ ಗಾಡಿಗೆ ಕಂಪನಿ ಸನಿಕೆ ಹಾಕಿರಲಿಲ್ಲ. ಬೆಳಿಗ್ಗೆ ನೋಡಿದ್ದೆ. ಕೇಳಿದರೆ ಕಿರಿಕಿರಿ ಅಂತ ಸುಮ್ಮನಿದ್ದೆ. ಹೆಲ್ಮೆಟ್ಟಿನಲ್ಲಿ, ಪೆಟ್ಟಿಗೆಯ ಮುಚ್ಚಳದಲ್ಲಿ ಮರಳು ಎತ್ತಿದೆವು. ಚಕ್ರದ ಹಿಂದೆ ಬಿಡಿಸಿದೆವು, ಆಮೇಲೆ ಹೊಟ್ಟೆಯ ಕೆಳಗೆ. ಹಿಂದೆ ಯಾಕೆ ಅಂದರೆ, ಬಂದ ದಾರಿ ಆಗಲೇ ಒತ್ತಿ ಗಟ್ಟಿಯಾಗಿರುತ್ತದೆ. ಟೈರಿನ ಗಾಳಿ ಇನ್ನೂ ಇಳಿಸಿದೆ. ಕಾಲೊರೆಸುವ ಮ್ಯಾಟ್‌ಗಳನ್ನು ಚಕ್ರದ ಹಿಂದೆ ತುರುಕಿ ರಿವರ್ಸ್ ಹಾಕಿ, ಉಸಿರು ಬಿಗಿಹಿಡಿದು, ಇರುವೆ ನಡೆದ ಹಾಗೆ ಬಿಟ್ಟೆ. ನನ್ನದು ಬಂತು. ಅವನದನ್ನು ಹಗ್ಗ ಹಾಕಿ ಎಳೆಯುವಷ್ಟರಲ್ಲಿ ನೀರು ಬಾಗಿಲಿನ ಹೊಸ್ತಿಲು ಮುಟ್ಟಿತ್ತು.

ಹಗ್ಗದ ವಿಷಯ ಬಂತಲ್ಲ. ಟ್ರೇಲರ್ ಸಿಕ್ಕಿಸುವ ಉಂಡೆಗೆ ಯಾವತ್ತೂ ಹಗ್ಗ ಕಟ್ಟಬೇಡಿ. ಅದು ಕಿತ್ತು ಬಂದರೆ ಗುಂಡಿನ ಹಾಗೆ ಹಾರುತ್ತದೆ, ಜನ ಸತ್ತಿದ್ದಾರೆ. ಎಳೆಯಲೆಂದೇ ಇರುವ ಕೊಕ್ಕೆಗೆ ಕಟ್ಟಿ. ಉಳಿದವರೆಲ್ಲ ಹಗ್ಗದ ಉದ್ದಕ್ಕಿಂತ ದೂರ, ಪಕ್ಕದಲ್ಲಿ ನಿಲ್ಲಲಿ. ಮೊಬೈಲ್ ಹಿಡಿದು ಹತ್ತಿರ ಬರುವ ಭಾವ ಒಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಅವನಿಗೆ ಏನಾದರೂ ಕೆಲಸ ಕೊಡಿ.

ಪ್ರಶ್ನೆ: ಬಗ್ಗಿಗೆ ಹಿಂದಿನ ಎರಡೇ ಚಕ್ರಕ್ಕೆ ಶಕ್ತಿಯಂತೆ. ಫೋರ್-ವೀಲ್ ಇಲ್ಲದೆ ಮರಳಲ್ಲಿ ಹೋಗತ್ತಾ?

ಧಾರಾಳವಾಗಿ. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಫೈಬರ್‌ಗ್ಲಾಸಿನಲ್ಲಿ ಮೇಯರ್ಸ್ ಮ್ಯಾಂಕ್ಸ್ ಅನ್ನುವ ಬಗ್ಗಿ ಕಟ್ಟಿದರು. ಅವರು ದೋಣಿ ಕಟ್ಟುತ್ತಿದ್ದವರು. ಸ್ವಲ್ಪ ದಿನದಲ್ಲೇ ಆ ಬಗ್ಗಿಗೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಚೌಕಟ್ಟೇ ಆಧಾರವಾಯಿತು. ಎಂಜಿನ್ ಹಿಂದೆ, ಅಂದರೆ ಭಾರ ತಳ್ಳುವ ಚಕ್ರಗಳ ಮೇಲೇ. ಮುಂಭಾಗ ಹಗುರ, ಹೂತುಕೊಳ್ಳುವುದಿಲ್ಲ. ಲೋಕದ ದಂಡೆಗಳಲ್ಲಿ ಓಡುವ ಬಗ್ಗಿಗಳಲ್ಲಿ ಎಷ್ಟೋ ಅದರ ಮಕ್ಕಳು ಮೊಮ್ಮಕ್ಕಳೇ. ಕೆಸರಿನ ದಾರಿಯಾದರೆ ಮಾತ್ರ ಫೋರ್-ವೀಲ್ ಕೇಳಿ.

ಪ್ರಶ್ನೆ: ಆಮೆ ಮೊಟ್ಟೆ ಇಡುವ ದಂಡೆ ಮೇಲೆ ಮೋಜಿಗೆ ಗಾಡಿ ಓಡಿಸೋದು, ಅದಕ್ಕೆ ನೀವು ಅಂಕಣ ಬೇರೆ ಬರೆಯೋದು. ನಾಚಿಕೆ ಆಗಲ್ವಾ?

ಕೆಲವು ದಿನ ಆಗಿದೆ.

ಒಂದು ಬೆಳಿಗ್ಗೆ ಹಿಂದಿನ ದಿನದ ನಮ್ಮದೇ ಚಕ್ರದ ಗುರುತಿನಲ್ಲಿ ಒಂದು ಆಮೆಮರಿ ಕಂಡೆ. ಬೆಂಕಿಪೊಟ್ಟಣದಷ್ಟಿತ್ತು. ಗುರುತಿನ ಆಳ ನಾಲ್ಕು ಬೆರಳು ಇರಬಹುದು. ಅದಕ್ಕೆ ಅದು ಕಣಿವೆ. ಹತ್ತುತ್ತದೆ, ಮರಳು ಕುಸಿಯುತ್ತದೆ, ಉರುಳುತ್ತದೆ, ಮತ್ತೆ ಗುರುತಿನ ಉದ್ದಕ್ಕೇ ನಡೆಯುತ್ತದೆ. ಸಮುದ್ರ ಎಡಗಡೆ ಮೂವತ್ತು ಹೆಜ್ಜೆ. ಅದು ದಂಡೆಯ ಉದ್ದಕ್ಕೆ ಎಷ್ಟು ದೂರ ಬಂದಿತ್ತೋ, ಹಿಂದೆ ಪುಟ್ಟ ರೆಕ್ಕೆಗಾಲಿನ ಗುರುತು ಹೊಲಿಗೆ ಹಾಕಿದ ಹಾಗೆ ಕಾಣುತ್ತಿತ್ತು. ಅವತ್ತಿನಿಂದ ನನ್ನ ಗಾಡಿಯ ಹಿಂದೆ ಒಂದು ಕುಂಟೆ ಕಟ್ಟಿದೆ. ಮೇಲಿನ ಮರಳಲ್ಲಿ ಬಿದ್ದ ಗುರುತನ್ನೆಲ್ಲ ಅಳಿಸಿಕೊಂಡೇ ಬರುತ್ತಿದ್ದೆ. ಜನ ನಗುತ್ತಿದ್ದರು.

ಆದರೆ ಕುಂಟೆ ಪರಿಹಾರ ಅಲ್ಲ, ಒಪ್ಪುತ್ತೇನೆ. ಗೂಡು ಮರಳಿನೊಳಗೆ ಸುಮಾರು ಎರಡು ತಿಂಗಳು ಇರುತ್ತದೆ, ಮೇಲಿನಿಂದ ಕಾಣುವುದೇ ಇಲ್ಲ. ರಾತ್ರಿ ಹೆಡ್‌ಲೈಟ್ ಬೆಳಕಿಗೆ ಮರಿಗಳು ದಿಕ್ಕು ತಪ್ಪುತ್ತವೆ. ಆ ತಿಂಗಳುಗಳಲ್ಲಿ ಅಂಥ ದಂಡೆಗೆ ಹೋಗುವ ಟೂರ್, ರಾತ್ರಿ ಟೂರ್, ಎರಡನ್ನೂ ನಾನು ಬೇಡ ಅನ್ನುತ್ತೇನೆ. ಉಳಿದ ದಿನಗಳಲ್ಲೂ ಓಡಬೇಕಾದ್ದು ಉಬ್ಬರ ದಿನಾ ತೊಳೆಯುವ ಪಟ್ಟಿಯಲ್ಲಿ ಮಾತ್ರ. ಮರಳಿನ ದಿಬ್ಬ ಹತ್ತಿಸುವ ಗೈಡ್‌ನನ್ನು ನಂಬಬೇಡಿ. ಆ ದಿಬ್ಬಗಳನ್ನು ಹಿಡಿದಿಟ್ಟಿರುವುದು ಅಡುಂಬು ಬಳ್ಳಿ, ಮೇಕೆಯ ಗೊರಸಿನಂತೆ ಸೀಳಿದ ಎಲೆ, ನೇರಳೆ ಮಿಶ್ರಿತ ಗುಲಾಬಿ ಹೂವು. ಉಪ್ಪು, ಬಿಸಿಲು, ಗಾಳಿ ಎಲ್ಲ ತಡೆಯುತ್ತದೆ. ಟೈರ್ ತಡೆಯುವುದಿಲ್ಲ.

ಮರಳಿನ ಏಡಿಗಳ ಬಗ್ಗೆ ನೀವು ಕೇಳಿಲ್ಲ. ಕೇಳಿದ್ದರೆ ನನ್ನ ಹತ್ತಿರ ಒಳ್ಳೆ ಉತ್ತರ ಇರುತ್ತಿರಲಿಲ್ಲ.

ಪ್ರಶ್ನೆ: ಏನು ಹಾಕಿಕೊಂಡು ಬರಬೇಕು?

ಮುಚ್ಚಿದ ಬೂಟು, ಕನ್ನಡಕ, ಮೂಗಿಗೆ ಬಟ್ಟೆ. ಬಿಳಿ ಬಟ್ಟೆ ಬೇಡ. ಮೊಬೈಲ್ ಜಿಪ್ ಇರುವ ಜೇಬಿನಲ್ಲಿ. ಗಾಡಿ ತಗೊಳ್ಳುವಾಗ ಹಳೇ ಗೀರುಗಳ ವಿಡಿಯೋ ಮಾಡಿಕೊಳ್ಳಿ. ನಿಮ್ಮ ಪ್ರಯಾಣದ ವಿಮೆಯಲ್ಲಿ ಕ್ವಾಡ್ ಸೇರಿದೆಯಾ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಪ್ರಶ್ನೆ: ಅಳಿವೆಯ ಹತ್ತಿರ ಹೊಳೆ ದಾಟುವುದೇ ಟೂರಿನ ಮುಖ್ಯ ಆಕರ್ಷಣೆ ಅಂದಿದ್ದರು. ಅಲ್ಲಿಗೆ ಹೋದ ಮೇಲೆ ಗೈಡ್ ಹತ್ತು ನಿಮಿಷ ನಿಂತು ನೋಡಿ ವಾಪಸ್ ತಿರುಗಿಸಿದಳು. ನೀರು ಮೊಣಕಾಲಿಗಿಂತ ಸ್ವಲ್ಪ ಮೇಲಿತ್ತು, ಅಷ್ಟೇ. ಹಣ ವಾಪಸ್ ಕೇಳಬಹುದಾ?

ಆ ಹತ್ತು ನಿಮಿಷ ಅವಳು ಏನು ನೋಡುತ್ತಿದ್ದಳು ಅಂತ ಹೇಳುತ್ತೇನೆ. ನೀರು ಏರುತ್ತಿದೆಯಾ, ಇಳಿಯುತ್ತಿದೆಯಾ. ಮೇಲೆ ಗುಡ್ಡದಲ್ಲಿ ಮಳೆ ಬಿದ್ದಿದೆಯಾ, ನೀರಿನ ಬಣ್ಣ ಕೆಂಪಾಗಿದೆಯಾ. ಆಚೆ ದಡ ಹತ್ತುವಷ್ಟು ಗಟ್ಟಿ ಇದೆಯಾ. ಗಾಡಿಯೂ ತಣ್ಣಗಾಗಬೇಕು. ಓಡಿ ಕಾದ ಆಕ್ಸಲ್ ಒಮ್ಮೆಲೇ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲ್‌ಗಳ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಎಂಜಿನ್ನಿನೊಳಗೆ ನೀರು ಹೋದರಂತೂ ಮುಗಿಯಿತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯವಾಗಿ ನಾವು ಮೊದಲು ನಡೆದು ದಾಟಿ ನೋಡುತ್ತೇವೆ. ಉತ್ತರ ಆಸ್ಟ್ರೇಲಿಯಾದಂಥ ಕಡೆ ಮೊಸಳೆಗಳಿರುವುದರಿಂದ ಅದೂ ಆಗುವುದಿಲ್ಲ.

ಮೊಣಕಾಲಿಗಿಂತ ಸ್ವಲ್ಪ ಮೇಲೆ ಅಂದಿರಿ. ನಿಮಗೆ ಕಂಡಿದ್ದು ದಡದ ಹತ್ತಿರದ ನೀರು.

ಹಣ ಕೇಳಬೇಡಿ. ಇನ್ನೊಂದು ದಿನ ಕೊಡಿ ಅಂತ ಕೇಳಿ, ಇಳಿತ ಯಾವಾಗ ಅಂತಲೂ ಕೇಳಿಕೊಳ್ಳಿ. ಅವಳೇ ಬರುವುದಾದರೆ ಅವಳ ಜೊತೆಗೇ ಹೋಗಿ.